ಚೆಂಡಿನ ಮುಯ್ಯಿ

ನಿವೃತ್ತನಾದ ಮೇಲೆ ನನ್ನ ಬೆಳಗಿನ ನಿದ್ದೆಗೆ ಒಂದು ಹದ ಬಂದಿದೆ. ಪೂರ್ತಿ ಎಚ್ಚರವಲ್ಲ, ಪೂರ್ತಿ ನಿದ್ದೆಯೂ ಅಲ್ಲ. ಆ ಹೊತ್ತಿಗೆ ದುರ್ಗದ ನಮ್ಮ ಬೀದಿಯಲ್ಲಿ ಯಾರೋ ಕಂಬಳಿ ಕೊಡವುತ್ತಾರೆ. ದಪ್, ದಪ್. ನನ್ನ ಕಿವಿಗೆ ಅದು ಸಿಮೆಂಟಿನ ಮೇಲೆ ಪುಟಿಯುವ ಚೆಂಡು. ಕೈ ತಾನಾಗಿಯೇ ಎದೆಯ ಮೇಲೆ ಸೀಟಿ ಹುಡುಕುತ್ತದೆ. "ಮೊಳೆಗೆ ನೇತಾಕೀನಿ, ಮಲಿಕ್ಕಳ್ರಿ ಸುಮ್ನೆ" ಎನ್ನುತ್ತಾಳೆ ಹೆಂಡತಿ. ಮಲಗುತ್ತೇನೆ. ಕಣ್ಣು ಮುಚ್ಚಿದರೆ ಹಿರಿಯೂರಿನ ಆ ಮೈದಾನ, ಗುಡ್ಡದ ಮೇಲೆ ನಿಧಾನ ತಿರುಗುವ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳು, ಕೆಳಗಿಳಿಯುವುದನ್ನೇ ಮರೆತಂತೆ ಆಕಾಶದಲ್ಲಿ ತೇಲುವ ಒಂದು ಚೆಂಡು.

ಹೊಸದಾಗಿ ಪಿ.ಟಿ. ಮೇಷ್ಟ್ರ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು "ಏನಾದ್ರೂ ಹೇಳ್ರಿ ಸಾರ್" ಎನ್ನುತ್ತಾರೆ. ಕೇಳದಿದ್ದರೂ ಹೇಳುವವನು ನಾನು, ಕೇಳಿದರೆ ಬಿಡುತ್ತೇನೆಯೇ? ಆಟದ ನಿಯಮಗಳು ಪುಸ್ತಕದಲ್ಲಿವೆ, ಈಗ ಮೊಬೈಲಿನಲ್ಲೂ ಇವೆ. ಮೊದಲು ನಾವು ಬಾಯಲ್ಲಿ ಹೇಳಿ, ಮೈಯಲ್ಲಿ ಮಾಡಿ ತೋರಿಸುತ್ತಿದ್ದುದನ್ನು ಈಗಿನ ಮಕ್ಕಳು ವಿಡಿಯೋದಲ್ಲಿ ನಿಧಾನ ಮಾಡಿ ನೋಡುತ್ತಾರೆ, ನಮಗಿಂತ ಚೆನ್ನಾಗಿ ಕಲಿಯುತ್ತಾರೆ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನು ಹೇಳುವುದು ವಿಡಿಯೋದಲ್ಲಿ ಸಿಗದ ಮಾತು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಚೌಕಾಸಿ.

ನನ್ನ ಮೊದಲ ಶಾಲೆ ಹೊಳಲ್ಕೆರೆ ಕಡೆಯದು. ಅಲ್ಲಿನ ಗಣಿತದ ಮೇಷ್ಟ್ರು ವಾರ ವಾರ ನಗುತ್ತಾ ಬಂದು, "ಇವತ್ತು ನಿಮ್ ಪಿರಿಯಡ್ ನಂಗೆ ಕೊಡ್ರಿ, ಪಾಠ ಉಳಿದೈತೆ" ಎನ್ನುತ್ತಿದ್ದರು. ಮೊದಮೊದಲು ಜಗಳವಾಡಿದೆ. ಪಿರಿಯಡ್ಡೂ ಹೋಯಿತು, ಮಾತೂ ಕೆಟ್ಟಿತು. ಆಮೇಲೆ ದಾರಿ ಬದಲಿಸಿದೆ. ಅವರು ಕೇಳುವ ಮುಂಚೆ ನಾನೇ ಹೋಗಿ, "ತಗಳ್ರಿ ಸಾರ್, ಈ ವಾರದ್ದೂ ತಗಳ್ರಿ" ಎಂದೆ. ಪಂದ್ಯದ ತಿಂಗಳು ಬಂದಾಗ ಅವರ ತರಗತಿಯ ಬಾಗಿಲಲ್ಲಿ ನಿಂತು ಸುಮ್ಮನೆ ನಕ್ಕೆ. ಅವರೇ ಸೀಮೆಸುಣ್ಣ ಕೆಳಗಿಟ್ಟು ಹುಡುಗರನ್ನು ಹೊರಗೆ ಕಳಿಸಿದರು. ಹೊಸಬರು ಇದನ್ನು ಕಲಿಯಬೇಕು. ಕೊಡುವುದಿದ್ದರೆ ಕೇಳುವ ಮುಂಚೆ ಕೊಡಿ, ನಗುತ್ತಾ ಕೊಡಿ.

ಪೆದ್ದುತನವೂ ಮಾಡಿದ್ದೇನೆ. ಹೊಸದುರ್ಗದಲ್ಲಿದ್ದಾಗ ಪಂಪು ಕೆಟ್ಟಿತೆಂದು ಫುಟ್‌ಬಾಲನ್ನು ಲಾರಿ ಪಂಚರ್ ಅಂಗಡಿಗೆ ಒಯ್ದೆ. ಅವನು ಲಾರಿ ಟೈರಿನ ಲೆಕ್ಕದಲ್ಲೇ ಗಾಳಿ ಹೊಡೆದ. ಮುಟ್ಟಿದರೆ ಕಲ್ಲು. ಪಂದ್ಯದ ನಡುವೆ ಢಂ ಎಂದಿತು ನೋಡಿ, ಯಾರೋ ಪಟಾಕಿ ಹೊಡೆದರೆಂದು ರೆಫ್ರಿ ಸಿಟ್ಟಾಗಿ ಪ್ರೇಕ್ಷಕರ ಕಡೆ ನುಗ್ಗಿದರು. ನಾನು ಆಚೆ ನೋಡುತ್ತಾ ನಿಂತೆ.

ಆದರೆ ಇವತ್ತು ಬರೆಯಲು ಕುಳಿತದ್ದು ಹಿರಿಯೂರಿನ ಮಾತು. ಬೆಳಗಿನ ಅರೆನಿದ್ದೆಯಲ್ಲಿ ಬರುವುದು ಅದೇ.

ಅಲ್ಲಿ ಹೆಡ್ಮಾಸ್ಟರಾಗಿದ್ದವರು ರೇವಣ್ಣನವರು. ಒಳ್ಳೆಯ ಮನುಷ್ಯ. ಆದರೆ ಆಟವೆಂದರೆ ಅವರಿಗೆ ಪ್ರಾರ್ಥನೆಯ ಹೊತ್ತಿನಲ್ಲಿ ಓದುವ ಒಂದು ಸಾಲು. "ಮೇಷ್ಟ್ರೇ, ನಿನ್ನೆ ಬಾಸ್ಕೆಟ್ ಹಾಕ್ದೋರು ಯಾರು? ಹೆಸರು ಹೇಳ್ರಿ, ಚಪ್ಪಾಳೆ ಹೊಡ್ಸಾಣ." ಹಾಕಿದವರ ಹೆಸರು ಓದುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು, ಮುಗಿಯಿತು. ಚೆಂಡು ಕೊಟ್ಟವರ ಹೆಸರನ್ನೂ ಓದಿ ಸಾರ್ ಎಂದು ಒಮ್ಮೆ ಕೇಳಿದೆ.

"ಲಗ್ನಪತ್ರಿಕೆಯಾಗೆ ಅಡಿಗೆಯೋರ ಹೆಸರು ಹಾಕ್ಸಿದ್ದು ಎಲ್ಲಾರ ನೋಡೀರೇನ್ರಿ?" ಎಂದರು.

ಸುಮ್ಮನೆ ಎದ್ದು ಬಂದೆ. ಚೌಕಾಸಿಯಲ್ಲಿ ಎದ್ದು ಬರುವುದಕ್ಕೂ ಒಂದು ಹೊತ್ತಿರುತ್ತದೆ.

ಆ ಚಪ್ಪಾಳೆಯಲ್ಲಿ ಬಹುಪಾಲು ಭಾಗ್ಯಳದು. ಧರ್ಮಪುರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಹುಡುಗಿ. ಮನೆಯಲ್ಲಿ ಶೇಂಗಾ ಹೊಲ, ಜೋರು ಬಾಯಿಯ ಒಬ್ಬ ಅಜ್ಜಿ. ಬಳ್ಳಿ ಕಿತ್ತು ಕಿತ್ತು ಅವಳ ಮಣಿಕಟ್ಟು ಗಟ್ಟಿಯಾಗಿತ್ತು. ಚೆಂಡು ಆ ಕೈ ಬಿಟ್ಟು ಹೊರಟರೆ ಒಂದು ಸದ್ದೂ ಇರುತ್ತಿರಲಿಲ್ಲ.

ನಮ್ಮದು ಬಯಲು ಮೈದಾನ. ಪಶ್ಚಿಮಕ್ಕೆ ಗುಡ್ಡದ ಸಾಲು, ಅದರ ಮೇಲೆ ಫ್ಯಾನುಗಳು. ಆಷಾಢದಲ್ಲಿ ಶುರುವಾದ ಗಾಳಿ ತಿಂಗಳುಗಟ್ಟಲೆ ನಿಲ್ಲುತ್ತಿರಲಿಲ್ಲ. ಒಂದು ರಿಂಗು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ದೂರದಿಂದ ನೇರ ಎಸೆದರೆ ಚೆಂಡು ಮೂಡಲಿಗೆ ಸರಿದು ಬೀಳುತ್ತಿತ್ತು. ಅದಕ್ಕೆ ನಮ್ಮ ಹುಡುಗಿಯರು ರಿಂಗಿನಿಂದ ಪಡುವಣಕ್ಕೆ ಒಂದು ಗೇಣು ಆಚೆ ಗುರಿಯಿಡುತ್ತಿದ್ದರು. ಅದಕ್ಕೆ ಅವರದೇ ಮಾತು, 'ಗಾಳಿ ಬಿಟ್ಟು ಹಾಕೋದು'. ಇದರಲ್ಲಿ ಭಾಗ್ಯಳನ್ನು ಮೀರಿಸಿದವರಿಲ್ಲ. ಎಸೆಯುವ ಮುಂಚೆ ತಲೆಯೆತ್ತಿ ಗುಡ್ಡದ ಫ್ಯಾನುಗಳನ್ನು ಒಮ್ಮೆ ನೋಡುತ್ತಿದ್ದಳು. ಅವು ತಿರುಗುವ ವೇಗ ಕಣ್ಣಿಗಿಳಿಯುತ್ತಿತ್ತು, ಕಣ್ಣಿನಿಂದ ಕೈಗೆ. ಚೆಂಡು ಎಲ್ಲೋ ಹೋಗುತ್ತಿದೆ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಗಾಳಿ ಅದನ್ನು ಕೈಹಿಡಿದು ತಂದು ರಿಂಗಿನೊಳಗೆ ಇಳಿಸುತ್ತಿತ್ತು. ನೋಡುತ್ತಾ ನಿಂತರೆ ಸೀಟಿ ಊದುವುದೂ ಮರೆಯುತ್ತಿತ್ತು.

ನೂರ್ ಆಯಿಷಾ ಬಂದದ್ದು ಚೌಕಾಸಿಯಲ್ಲಿ. ಅವಳ ಅಪ್ಪನದು ಹೆದ್ದಾರಿ ಪಕ್ಕ ಲಾರಿ ಬಾಡಿ ಕಟ್ಟುವ ಶೆಡ್ಡು. ಬಗ್ಗಿದ ರಿಂಗನ್ನು ಹೊತ್ತು ಹೋಗಿ, ಸರಿಮಾಡಿ ಕೊಡಿ ಸಾಬ್ರೇ ಎಂದೆ. ಅವರು ರಿಂಗನ್ನು ತಿರುಗಿಸಿ ನೋಡಿ, "ನಮ್ ಹುಡುಗೀನ ಆಟಕ್ಕೆ ಸೇರಿಸ್ಕಳ್ರಿ ಮೇಷ್ಟ್ರೇ. ಮನೆಯಾಗೆ ಎದ್ರೆ ತೊಲೆಗೆ ತಲೆ ಬಡಿತೈತೆ. ರಿಂಗಿನ ಚಿಂತೆ ನಂಗೆ ಬಿಡ್ರಿ" ಎಂದರು. ಹಾಗೆ ಬಂದ ನೂರಿ ಎತ್ತರದ ಹುಡುಗಿ. ದೂರದಿಂದ ಎಸೆದರೆ ಚೆಂಡು ಪಕ್ಕದ ತರಗತಿಯ ಕಿಟಕಿಗೆ ಹೋಗುತ್ತಿತ್ತು. ಆದರೆ ರಿಂಗಿನ ಕೆಳಗೆ ಓಡಿಬಂದು ಸಿಕ್ಕಿದ ಚೆಂಡನ್ನು ಮಾತ್ರ ಬಿಡುತ್ತಿರಲಿಲ್ಲ. ಭಾಗ್ಯ ಅವಳನ್ನು 'ಏಣಿ' ಎಂದು ಕರೆದಳು. ನೂರಿ ಭಾಗ್ಯಳನ್ನು 'ಹೀರೋಯಿನ್ನು' ಎಂದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರತೊಡಗಿದರು.

ಭಾಗ್ಯ ಹತ್ತನೇ ತರಗತಿಯಲ್ಲಿದ್ದಾಗ ನಾವು ಜಿಲ್ಲೆಯನ್ನು ಗೆದ್ದೆವು. ದುರ್ಗದ ಬಯಲು ಮೈದಾನ, ಅದೇ ಗಾಳಿ, ಅದೇ ಭಾಗ್ಯ. ಮುಂದಿನದು ವಿಭಾಗ ಮಟ್ಟದ ಪಂದ್ಯ, ಬೇರೆ ಜಿಲ್ಲೆಯಲ್ಲಿ. ಅಲ್ಲಿಗೆ ಆಯ್ಕೆದಾರರು ಬಂದು ಎಲ್ಲ ಶಾಲೆಗಳಿಂದ ಹುಡುಗಿಯರನ್ನು ಆರಿಸಿ ಒಂದು ತಂಡ ಕಟ್ಟುತ್ತಾರೆ. ಅದರಲ್ಲಿ ಸೇರಿದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ ಸಿಗುವ ದಾರಿ. ಭಾಗ್ಯಳಿಗೆ ಅದೇ ಕೊನೆಯ ವರ್ಷ. ಎಂಟನೇ ತರಗತಿಯಿಂದ ಅವಳು ಆ ತಂಡದ ಜೆರ್ಸಿಯನ್ನು ಮನಸ್ಸಿನಲ್ಲಿ ತೊಟ್ಟುಕೊಂಡೇ ಓಡಾಡುತ್ತಿದ್ದಳು. ಬೆನ್ನ ಮೇಲಿನ ನಂಬರು ಯಾವುದಿರಬೇಕು ಎಂಬುದೂ ತೀರ್ಮಾನವಾಗಿತ್ತು.

ಹೋಗಿ ನೋಡಿದರೆ ಅಲ್ಲಿದ್ದುದು ಮುಚ್ಚಿದ ಒಳಾಂಗಣ ಕ್ರೀಡಾಂಗಣ. ಹೊಳೆಯುವ ಮರದ ನೆಲ, ಮೇಲೆ ತಗಡಿನ ಮಾಡು, ಮಾಡಿನಲ್ಲಿ ದೀಪಗಳು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ನಮ್ಮ ಹುಡುಗಿಯರು ಚಪ್ಪಲಿ ಕಳಚಿ, ದೇವಸ್ಥಾನಕ್ಕೆ ಬಂದವರಂತೆ ಕಾಲಿಟ್ಟರು. ಅಭ್ಯಾಸಕ್ಕೆ ನಿಂತ ಭಾಗ್ಯ ಎಸೆದಳು. ಚೆಂಡು ರಿಂಗಿನಿಂದ ಒಂದು ಗೇಣು ಆಚೆ ಹೋಯಿತು. ಮತ್ತೆ ಎಸೆದಳು. ಮತ್ತೆ ಒಂದು ಗೇಣು. ತಲೆಯೆತ್ತಿ ಮಾಡು ನೋಡಿದಳು, ಸುತ್ತ ಗೋಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಸಾರ್, ಇಲ್ಲಿ ಪಡುವಣ ಯಾವ ಕಡೆ?"

ಬೇರೆ ಶಾಲೆಯ ಹುಡುಗಿಯರು ನಕ್ಕರು. ನನಗೂ ನಗು ಬಂತು, ಅವಳು ತಮಾಷೆಗೆ ಕೇಳಿದ್ದಲ್ಲ ಎಂದು ಮರುಕ್ಷಣ ಹೊಳೆಯಿತು. "ನೇರ ಹಾಕಮ್ಮ, ಇಲ್ಲಿ ಗಾಳಿ ಇಲ್ಲ" ಎಂದೆ. "ನೇರಾನೇ ಹಾಕ್ತಿದೀನಲ್ಲ ಸಾರ್!" ಎಂದಳು. ಸುಳ್ಳಲ್ಲ. ಅವಳ ಕಣ್ಣಿಗೆ ಅದು ನೇರವೇ. ಅಷ್ಟು ವರ್ಷದ ಗಾಳಿ ಕೈಯೊಳಗೆ ಮನೆ ಮಾಡಿತ್ತು. ಹೊರಗೆ ನಿಂತರೂ ಒಳಗೆ ಬೀಸುತ್ತಿತ್ತು.

ಮೊದಲ ಪಂದ್ಯ ಹೇಗೋ ಗೆದ್ದೆವು, ಅದೂ ರಿಂಗಿನ ಕೆಳಗೆ ನೂರಿ ಹಾಕಿದ್ದರಿಂದ. ಭಾಗ್ಯ ಎಸೆದದ್ದೆಲ್ಲ ಹೊರಗೆ ಹೋಯಿತು. ಆಯ್ಕೆದಾರರು ಬರುವುದು ಮಾರನೆಯ ದಿನ.

ಮರುದಿನ ಬೆಳಿಗ್ಗೆ ಕ್ರೀಡಾಂಗಣದ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಚಿತ್ರಾನ್ನದ ಪೊಟ್ಟಣ ಬಿಚ್ಚಿದ್ದೆವು. ಭಾಗ್ಯಳ ಪಕ್ಕ ಹೋಗಿ ಕುಳಿತೆ.

"ಇವತ್ತು ನೀನು ಹಾಕ್ಬ್ಯಾಡಮ್ಮ. ಚೆಂಡು ನಿನ್ ಕೈಗೆ ಬರ್ಲಿ, ನೀನು ನೂರಿಗೆ ಕೊಡು. ಅವಳು ಹಾಕ್ಲಿ."

ಅವಳು ತುತ್ತನ್ನು ಅಲ್ಲೇ ಇಟ್ಟಳು. "ಎಲ್ಲಾ ಬಾಲೂ?"

"ಎಲ್ಲಾ ಬಾಲೂ."

"ಆರ್ಸೋರು ಇವತ್ತೇ ಬರ್ತಾರೆ ಸಾರ್."

"ಗೊತ್ತೈತೆ."

"ಹಾಕ್ದೋಳ್ನ ಬಿಟ್ಟು ಕೊಟ್ಟೋಳ್ನ ಯಾರಾರ ಆರಿಸ್ತಾರಾ?"

ಸರಕಿನ ದೋಷವನ್ನು ಮುಚ್ಚಿ ಮಾರಿದರೆ ಗಿರಾಕಿ ಮತ್ತೊಮ್ಮೆ ನಿಮ್ಮ ಅಂಗಡಿಗೆ ಬರುವುದಿಲ್ಲ. ಮಕ್ಕಳ ಜೊತೆಯಂತೂ ಈ ಮಾತು ಮರೆಯಬೇಡಿ. "ಆರಿಸ್ಲಿಕ್ಕಿಲ್ಲಮ್ಮ" ಎಂದೆ. "ಆದ್ರೆ ನಿನ್ನೆ ಹೆಂಗೋ ಗೆದ್ವಿ, ಇವತ್ತೂ ನೀನು ಹಂಗೇ ಹಾಕಿದ್ರೆ ಸೋಲ್ತೀವಿ. ಆಗ್ಲೂ ಆರಿಸಲ್ಲ. ನೀನು ಕೊಟ್ರೆ ನಾವಾದ್ರೂ ಗೆಲ್ತೀವಿ. ಇದನ್ನ ಮುಯ್ಯಿ ಅಂತ ತಿಳ್ಕ."

ಮುಯ್ಯಿ ನಮ್ಮ ಕಡೆಯ ಹೊಲದ ಮಾತು. ಇವತ್ತು ನಿಮ್ಮ ಮನೆಯವರು ನಮ್ಮ ಶೇಂಗಾ ಕೀಳಲು ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ. ಕೂಲಿಯಿಲ್ಲ, ಆಳಿಗೆ ಆಳು. ಧರ್ಮಪುರದ ಹುಡುಗಿಗೆ ಈ ಮಾತು ನಾಟುತ್ತದೆ ಎಂಬ ಲೆಕ್ಕ ನನ್ನದು. ನಾಟಿತು, ಆದರೆ ನಾನಂದುಕೊಂಡ ಕಡೆ ಅಲ್ಲ.

"ಮುಯ್ಯಿ ಅಂದ್ರೆ ವಾಪಸ್ ಬರ್ಬೇಕು ಸಾರ್. ಯಾರ ಮನೆಯೋರು ಬಂದಿಲ್ಲ ಅಂತ ನಮ್ಮಜ್ಜಿ ವರ್ಷ ಆದ್ರೂ ಮರೆಯಲ್ಲ. ಇದನ್ನ ಯಾರು ತರ್ತಾರೆ? ಯಾವಾಗ ತರ್ತಾರೆ?"

ಎರಡು ಮೆಟ್ಟಿಲು ಕೆಳಗೆ ಕುಳಿತಿದ್ದ ನೂರಿ ಬಾಯಿ ತುಂಬ ಚಿತ್ರಾನ್ನ ಇಟ್ಟುಕೊಂಡೇ ಹೇಳಿದಳು: "ನಾನ್ ತರ್ತೀನಲ್ಲೇ."

"ನೀನು? ಶೇಂಗಾ ಕೀಳಾಕೆ ಬರ್ತೀಯಾ? ಉಗುರು ಕಿತ್ತೋಗ್ತವೆ ಏಣಿ."

"ಬರ್ತೀನಿ. ನಮ್ಮಪ್ಪ ಲಾರಿಯಾಗೆ ಬಿಟ್ಟು ಬರ್ತಾನೆ."

ಎಲ್ಲರೂ ನಕ್ಕರು. ಭಾಗ್ಯ ನಗಲಿಲ್ಲ. ಎದ್ದು ಬಾಗಿಲ ತನಕ ಹೋಗಿ ಒಳಗಿನ ರಿಂಗನ್ನು ನೋಡುತ್ತಾ ಬಹಳ ಹೊತ್ತು ನಿಂತಳು. ತಿರುಗಿ ಬಂದು ಮೆಲ್ಲಗೆ ಕೇಳಿದಳು: "ನಾವ್ ಮುಂದಿದ್ರೆ ಕೊನೆಗೆ ಒಂದೇ ಒಂದು ಹಾಕ್ಲಾ ಸಾರ್?"

ಚೌಕಾಸಿಗೆ ಇಳಿದಳಲ್ಲ ಎಂದು ಜೀವಕ್ಕೆ ಹಿತವಾಯಿತು. "ಹಾಕು. ಮುಂದಿದ್ರೆ ಒಂದು ಹಾಕು" ಎಂದೆ.

ಆ ಪಂದ್ಯ ನನ್ನ ನೆನಪಿನಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಕೂಗಾಟ ಇದ್ದೇ ಇತ್ತು, ಆದರೆ ಕನಸಿನಲ್ಲಿ ಬರುವಾಗ ಅದು ನೀರಿನೊಳಗೆ ನಡೆದಂತೆ ಬರುತ್ತದೆ. ಮೊದಮೊದಲು ಭಾಗ್ಯಳ ಕೈಯಲ್ಲಿ ಚೆಂಡು ತಡವರಿಸಿತು. ರಿಂಗಿನ ಕಡೆ ಕೈ ಏಳುತ್ತಿತ್ತು, ಅವಳೇ ಇಳಿಸುತ್ತಿದ್ದಳು. ನೋಡಿ ಕೊಟ್ಟಳು, ನೂರಿ ಅಷ್ಟರಲ್ಲಿ ಆಚೆ ದಾಟಿರುತ್ತಿದ್ದಳು. ಹೀಗೇ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಭಾಗ್ಯ ತಲೆಯೆತ್ತಿ ನೂರಿಯನ್ನು ನೋಡಿದಳು. ಗುಡ್ಡದ ಫ್ಯಾನುಗಳನ್ನು ನೋಡುತ್ತಿದ್ದಳಲ್ಲ, ಥೇಟು ಹಾಗೆ. ನೂರಿ ಇನ್ನೂ ಓಡಲು ಶುರುಮಾಡಿದ್ದಳು ಅಷ್ಟೆ. ಭಾಗ್ಯ ಯಾರೂ ಇಲ್ಲದ ಕಡೆ ಚೆಂಡು ಎಸೆದಳು. ಮರುಕ್ಷಣ ಆ ಖಾಲಿ ಜಾಗದಲ್ಲಿ ನೂರಿಯ ಎರಡು ಕೈಗಳಿದ್ದವು, ಕೈಗಳಲ್ಲಿ ಚೆಂಡಿತ್ತು.

ಗಾಳಿ ಬಿಟ್ಟು ಹಾಕುವ ಹುಡುಗಿ ಈಗ ನೂರಿಯ ಓಟ ಬಿಟ್ಟು ಹಾಕುತ್ತಿದ್ದಳು. ವಿದ್ಯೆ ಅದೇ. ಮತ್ತೆ ಮತ್ತೆ ಅದೇ ನಡೆಯಿತು. ಚೆಂಡು ಹೊರಡುವಾಗ ಅಲ್ಲಿ ಯಾರೂ ಇಲ್ಲ, ಇಳಿಯುವಾಗ ನೂರಿ. ಎದುರಾಳಿಗಳು ಭಾಗ್ಯಳ ಮೇಲೆ ಬಿದ್ದರೆ ನೂರಿ ಖಾಲಿ, ನೂರಿಯ ಮೇಲೆ ಬಿದ್ದರೆ ಇನ್ನೊಬ್ಬಳು ಖಾಲಿ.

ಕೊನೆಯ ಹೊತ್ತಿಗೆ ನಾವು ಮುಂದಿದ್ದೆವು. ಚೆಂಡು ಭಾಗ್ಯಳ ಕೈಗೆ ಬಂತು, ಎದುರಿಗೆ ಯಾರೂ ಇಲ್ಲ. ನನ್ನ ಕಡೆ ನೋಡಿದಳು. ಮಾತು ಕೊಟ್ಟಿದ್ದೆನಲ್ಲ, ಹಾಕು ಎಂದು ತಲೆಯಾಡಿಸಿದೆ. ರಿಂಗು ನೋಡಿದಳು. ಆಯ್ಕೆದಾರರು ಕುಳಿತಿದ್ದ ಮೇಜು ಅದರ ಹಿಂದೆಯೇ ಇತ್ತು. ಮೊಣಕಾಲು ಬಗ್ಗಿಸಿದಳು, ಕೈ ಎತ್ತಿದಳು, ಮತ್ತೆ ಆ ಖಾಲಿ ಜಾಗಕ್ಕೇ ಎಸೆದಳು. ನೂರಿ ಹಾಕಿದಳು. ಸೀಟಿ ಆಯಿತು.

"ಯಾಕಮ್ಮ, ಒಂದು ಹಾಕು ಅಂದಿದ್ನಲ್ಲ?" ಎಂದು ಆಮೇಲೆ ಕೇಳಿದೆ.

"ಕೈ ಹೋಗ್ಲಿಲ್ಲ ಸಾರ್. ನೂರಿ ಓಡ್ತಿದ್ಲು."

ಆಯ್ಕೆದಾರರು ನೂರಿಯನ್ನು ಆರಿಸಿದರು. ನಾನು ಆ ಮೇಜಿನ ಮುಂದೆ ನಿಂತು ನನಗೆ ಗೊತ್ತಿದ್ದ ಚೌಕಾಸಿಯನ್ನೆಲ್ಲ ಮಾಡಿದೆ. "ಆ ಹುಡುಗಿ ಎಷ್ಟು ಬಾಸ್ಕೆಟ್ ಹಾಕಿದ್ಲು ಮೇಷ್ಟ್ರೇ?" ಎಂದರು. ಒಂದೂ ಇಲ್ಲ ಎಂದೆ. "ಮತ್ತೆ?" ಎಂದರು.

ವಾಪಸ್ ಬರುವಾಗ ಭಾಗ್ಯ ಬಸ್ಸಿನ ಕಿಟಕಿ ಪಕ್ಕ ಕುಳಿತಿದ್ದಳು. ನೂರಿ ಪಕ್ಕದಲ್ಲಿ ಕುಳಿತು, ಗೆದ್ದವಳೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದ್ದಳು. ಯಾರೂ ಹಾಡು ಹೇಳಲಿಲ್ಲ. ನಮ್ಮ ಜಿಲ್ಲೆಯ ಬಯಲು ಶುರುವಾದ ಕೂಡಲೇ ಭಾಗ್ಯ ಕೈಯನ್ನು ಹೊರಗಿಟ್ಟಳು. ಬೆರಳುಗಳು ಗಾಳಿಯಲ್ಲಿ ಮೆಲ್ಲಗೆ ಆಡಿದವು.

"ಕೈ ಒಳಗಿಡಮ್ಮ" ಎಂದೆ.

"ಪಡುವಣ ಗಾಳಿ ಸಾರ್" ಎಂದಳು. ಕಣ್ಣು ಒರೆಸಿಕೊಂಡಳು. ಗಾಳಿಗೆ ಧೂಳು ಬಿತ್ತೆಂದು ನಾನೂ ಅಂದುಕೊಂಡೆ.

ಮಾರನೆಯ ದಿನ ಪ್ರಾರ್ಥನೆಗೆ ಮುಂಚೆ ರೇವಣ್ಣನವರ ಕೋಣೆಗೆ ಹೋದೆ. "ಸಾರ್, ಅಡಿಗೆಯೋರ ಹೆಸರು ಲಗ್ನಪತ್ರಿಕೆಯಾಗೆ ಇರಲ್ಲ ಅಂದ್ರಿ. ಸರಿ. ಆದ್ರೆ ಊಟ ಆದ್ಮೇಲೆ ಎಲ್ಲಾರೂ ಕೇಳಾದು ಏನ್ರಿ? ಅಡಿಗೆ ಯಾರ್ದು ಅಂತ ಅಲ್ವಾ?" ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹೊರಗೆ ಬಂದು ಓದಿದರು: "ಹಾಕಿದವಳು, ನೂರ್ ಆಯಿಷಾ." ಚಪ್ಪಾಳೆ. "ಕೊಟ್ಟವಳು, ಭಾಗ್ಯ." ಮಕ್ಕಳಿಗೆ ಗೊಂದಲವಾಯಿತು. ಹೊಡೆಯಬೇಕೋ ಬೇಡವೋ ಎಂದು ಅಕ್ಕಪಕ್ಕ ನೋಡಿದರು. ನೂರಿ ಸಾಲಿನಿಂದ ಹೊರಗೆ ಬಂದು ಒಬ್ಬಳೇ ಚಪ್ಪಾಳೆ ಹೊಡೆದಳು. ಆಮೇಲೆ ಇಡೀ ಮೈದಾನ. ಅವತ್ತಿನಿಂದ ಅದು ನಮ್ಮ ಶಾಲೆಯ ಪದ್ಧತಿಯಾಯಿತು. ನಲ್ಲಿಯಲ್ಲಿ ನೀರು ಹಿಡಿದರೂ ಹುಡುಗಿಯರು "ಹಿಡಿದವಳು ನಾನು, ಬಕೆಟ್ ಕೊಟ್ಟವಳು ಸಾವಿತ್ರಿ" ಎನ್ನುತ್ತಿದ್ದರು.

ಶೇಂಗಾ ಕೀಳುವ ಕಾಲಕ್ಕೆ ನೂರಿ ನಿಜವಾಗಿ ಹೋದಳು. ಲಾರಿಯಲ್ಲೇ ಹೋದಳು. ನಾನೂ ನೋಡಲು ಹೋಗಿದ್ದೆ. ಒಣ ನೆಲದಿಂದ ಬಳ್ಳಿಯನ್ನು ಸರಕ್ಕನೆ ಎಳೆಯುತ್ತಿದ್ದಳು, ಬಳ್ಳಿ ಕೈಗೆ ಬರುತ್ತಿತ್ತು, ಕಾಯಿ ಮಣ್ಣಲ್ಲೇ ಉಳಿಯುತ್ತಿತ್ತು. ಭಾಗ್ಯಳ ಅಜ್ಜಿ ಸಾಲಿನ ಹಿಂದೆ ಬಂದು ಮಣ್ಣು ಕೆದರಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಏನವ್ವಾ ಉದ್ದನ್ ಹುಡುಗಿ, ಅರ್ಧ ಕಾಯಿ ಭೂಮ್ಯಾಗೇ ಬಿಟ್ಟೀಯಲ್ಲೇ! ಈ ಮುಯ್ಯಿ ಲೆಕ್ಕಕ್ಕಿಲ್ಲ. ಬರೋ ವರ್ಷ ಮತ್ತೆ ಬರ್ಬೇಕು ನೋಡು."

ನೂರಿ ಹೋದಳು, ಮರುವರ್ಷವೂ. ಹಾಸ್ಟೆಲಿನಿಂದ ರಜೆಗೆ ಬಂದಾಗಲೂ. ಕೀಳುವುದನ್ನು ಕಲಿಯಲೇ ಇಲ್ಲ. ಈಗ ಅವಳು ದುರ್ಗದಲ್ಲಿ ಒಂದು ಕಚೇರಿಯಲ್ಲಿದ್ದಾಳೆ, ಆಟದಿಂದಲೇ ಸಿಕ್ಕ ಕೆಲಸ. ಭಾಗ್ಯ ತನ್ನ ದಾರಿ ತಾನೇ ಮಾಡಿಕೊಂಡು ಓದಿ ನನ್ನದೇ ಕೆಲಸಕ್ಕೆ ಬಂದಳು. ಹೊಸದುರ್ಗದ ಕಡೆ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಅವಳ ಮಕ್ಕಳ ಆಟ ನೋಡಿದ್ದೇನೆ, ಎಲ್ಲರೂ ಖಾಲಿ ಜಾಗಕ್ಕೆ ಎಸೆಯುತ್ತಾರೆ.

ನಾನು ನಿವೃತ್ತನಾದ ದಿನ ಹಳೆಯ ವಿದ್ಯಾರ್ಥಿಗಳು ಹಿರಿಯೂರಿನ ಅದೇ ಮೈದಾನದಲ್ಲಿ ಒಂದು ಪಂದ್ಯ ಇಟ್ಟುಕೊಂಡರು. ನನಗೆ ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದ ಕುರ್ಚಿಯಲ್ಲಿ ರೇವಣ್ಣನವರು, ಕಿವಿಗೆ ಮಫ್ಲರ್ ಸುತ್ತಿಕೊಂಡು. ಸಂಜೆಯ ಬಿಸಿಲು ಹದವಾಗಿ ಹಳದಿಯಾಗಿತ್ತು. ಗುಡ್ಡದ ಮೇಲೆ ಫ್ಯಾನುಗಳು ತಿರುಗುತ್ತಿದ್ದವು. ಆಟಕ್ಕಿಳಿದ ಭಾಗ್ಯ, ನೂರಿ ಇಬ್ಬರಿಗೂ ಮೈ ತುಂಬಿತ್ತು, ಉಸಿರು ಸಾಲುತ್ತಿರಲಿಲ್ಲ. ಆದರೂ ಭಾಗ್ಯ ಎಸೆಯುತ್ತಿದ್ದಳು, ನೂರಿ ಇರುತ್ತಿದ್ದಳು.

ಆಟ ಮುಗಿಯುವ ಹೊತ್ತಿಗೆ ನೂರಿಗೆ ರಿಂಗಿನ ಕೆಳಗೆ ಚೆಂಡು ಸಿಕ್ಕಿತು. ಸುತ್ತ ಯಾರೂ ಇಲ್ಲ. ಕೈ ಎತ್ತಿದರೆ ಬಾಸ್ಕೆಟ್. ಅವಳು ಎತ್ತಲಿಲ್ಲ. ತಿರುಗಿ, ದೂರದ ಗೆರೆಯ ಆಚೆ ನಿಂತಿದ್ದ ಭಾಗ್ಯಳಿಗೆ ಎಸೆದಳು.

"ಹಾಕೇ ಹೀರೋಯಿನ್! ಮುಯ್ಯಿ ತೀರ್ಲಿ!"

ಭಾಗ್ಯ ಚೆಂಡು ಹಿಡಿದು ನಿಂತಳು. ತಲೆಯೆತ್ತಿ ಗುಡ್ಡದ ಫ್ಯಾನುಗಳನ್ನು ನೋಡಿದಳು. ಅದೇ ಹುಡುಗಿ, ಅದೇ ಕಣ್ಣು. ಪಡುವಣಕ್ಕೆ ಒಂದು ಗೇಣು ಆಚೆ ಗುರಿಯಿಟ್ಟು ಎಸೆದಳು. ಚೆಂಡು ಮೇಲೇರಿತು, ಹಳದಿ ಬೆಳಕಿನಲ್ಲಿ ಒಂದು ಗಳಿಗೆ ನಿಂತಿತು. ನಾನು ಕುರ್ಚಿಯಿಂದ ಅರ್ಧ ಎದ್ದು ಗಾಳಿಗಾಗಿ ಕಾದೆ.

ಗಾಳಿ ಬರಲಿಲ್ಲ. ಹಿಂದಿನ ವರ್ಷ ಮೈದಾನದ ಪಡುವಣಕ್ಕೆ ಎರಡಂತಸ್ತಿನ ಹೊಸ ಕಟ್ಟಡ ಎದ್ದಿತ್ತು. ಗುಡ್ಡದ ಮೇಲೆ ಫ್ಯಾನು ತಿರುಗಿದರೂ ಇಲ್ಲಿ ನೆಲದ ಧೂಳು ಅಲುಗುತ್ತಿರಲಿಲ್ಲ. ಚೆಂಡು ಸರಿಯಾಗಿ ಒಂದು ಗೇಣು ಆಚೆ ಬಿದ್ದು, ಪುಟಿಯುತ್ತಾ ಹೋಗಿ ಆ ಕಟ್ಟಡದ ಗೋಡೆಗೆ ತಾಗಿ ನಿಂತಿತು.

ಆಗ ರೇವಣ್ಣನವರು ಮಫ್ಲರ್ ಸರಿಸಿ, ಪ್ರಾರ್ಥನೆಯ ಹೊತ್ತಿನ ಆ ಹಳೆಯ ದನಿಯಲ್ಲಿ ಕೂಗಿದರು:

"ಕೊಟ್ಟವಳು, ನೂರ್ ಆಯಿಷಾ!"

ಇಡೀ ಮೈದಾನ ಚಪ್ಪಾಳೆ ಹೊಡೆಯಿತು. ಭಾಗ್ಯ ಸೊಂಟದ ಮೇಲೆ ಕೈಯಿಟ್ಟು, ಥೇಟು ಅವಳ ಅಜ್ಜಿಯ ಹಾಗೆ ನಿಂತು ನಗುತ್ತಿದ್ದಳು.

"ಬೀಳಲಿಲ್ಲ ನೋಡೇ ಏಣಿ, ಮುಯ್ಯಿ ತೀರಲಿಲ್ಲ. ಈ ಸಲಾನೂ ಶೇಂಗಾ ಕೀಳಾಕೆ ಬಾ."